ಲಿಂಡನ್ ಬುಲೆವಾರ್ಡ್‌ನ ಗೆಳೆಯರು

ಕೇಳುಗರಿಗೆ ನಮಸ್ಕಾರ.

ರ‍್ಯಾಪ್ ಶುರುವಾದ ಕೂಡಲೇ ಮನೆಯ ದೊಡ್ಡವರು ರೇಡಿಯೋ ಸೌಂಡ್ ಕಡಿಮೆ ಮಾಡಿಬಿಡುತ್ತಾರೆ. ಬೈಗುಳ, ಜಗಳ, ದುಡ್ಡಿನ ದರ್ಪ, ಅದರಲ್ಲಿ ಇರುವುದು ಇಷ್ಟೇ ಅಲ್ವಾ ಅನ್ನುತ್ತಾರೆ. ಇವತ್ತು ಅವರೂ ಕೂತು ಕೇಳಲಿ ಅಂತ ಒಂದು ತಂಡದ ಬಗ್ಗೆ ಮಾತಾಡುತ್ತೇನೆ. ಹೆಸರು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸೇಂಟ್ ಆಲ್ಬನ್ಸ್ ಅಂತ ಒಂದು ಬಡಾವಣೆ, ಅಲ್ಲಿನ ಹುಡುಗರು ಕಟ್ಟಿದ್ದು. ತಂಡ ಶುರುವಾದದ್ದು 1985ರಲ್ಲಿ.

ಕ್ಯೂ-ಟಿಪ್ ಮತ್ತು ಫೈಫ್ ಡಾಗ್ ಚಿಕ್ಕಂದಿನಿಂದ ಜೊತೆಗೇ ಬೆಳೆದವರು. ಡಿಜೆ ಅಲಿ ಶಹೀದ್ ಮುಹಮ್ಮದ್ ಹೈಸ್ಕೂಲಿನಲ್ಲಿ ಸಿಕ್ಕ ಗೆಳೆಯ. ನಾಲ್ಕನೆಯವರು ಜರೋಬಿ ವೈಟ್. ಮೊದಲ ಆಲ್ಬಮ್ ಆದ ಮೇಲೆ ಅವರು ಅಡುಗೆ ಕಲಿಯಲು ಹೊರಟುಹೋದರು, ಆದರೆ ಗೆಳೆತನ ಬಿಡಲಿಲ್ಲ. ಜಂಗಲ್ ಬ್ರದರ್ಸ್, ಡಿ ಲಾ ಸೋಲ್, ಕ್ವೀನ್ ಲತೀಫಾ ಇವರೆಲ್ಲ ಸೇರಿ ನೇಟಿವ್ ಟಂಗ್ಸ್ ಅನ್ನುವ ಬಳಗ ಕಟ್ಟಿಕೊಂಡಿದ್ದರು. ಟ್ರೈಬ್ ಕೂಡ ಆ ಬಳಗದ್ದೇ. ಮುಖ್ಯ ದಾರಿಯ ರ‍್ಯಾಪ್ ಬಿಟ್ಟು ಬೇರೆ ದಾರಿ ಹಿಡಿದವರು ಅಂತ ಇವರಿಗೆ ಆಲ್ಟರ್ನೇಟಿವ್ ಹಿಪ್ ಹಾಪ್ ಅನ್ನುವ ಹೆಸರು ಬಂತು.

ಇವರ ಹಾಡಿನ ಕಟ್ಟು ಕೊಡಗಿನವರಿಗೆ ತೀರಾ ಹೊಸದಲ್ಲ. ನಮ್ಮ ದುಡಿಕೊಟ್ಟ್ ಪಾಟ್ ನೆನಪಿಸಿಕೊಳ್ಳಿ. ನಾಲ್ವರು ಕೂತಿರುತ್ತಾರೆ, ಕೈಯಲ್ಲಿ ದುಡಿ ಅನ್ನುವ ಪುಟ್ಟ ಚರ್ಮವಾದ್ಯ. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಹಿಡಿದುಕೊಳ್ಳುತ್ತಾರೆ. ತಾಳ ನಿಲ್ಲುವುದಿಲ್ಲ, ಕತೆಯೂ ನಿಲ್ಲುವುದಿಲ್ಲ. ಕ್ಯೂ-ಟಿಪ್ ಮತ್ತು ಫೈಫ್ ಕೂಡ ಹೀಗೇ ಮಾತು ಹಂಚಿಕೊಳ್ಳುತ್ತಿದ್ದರು. 'ಚೆಕ್ ದಿ ರೈಮ್' ಹಾಡಿನಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ. ತಾವು ನಿಂತು ಹರಟೆ ಹೊಡೆಯುತ್ತಿದ್ದ ಲಿಂಡನ್ ಬುಲೆವಾರ್ಡ್ ರಸ್ತೆಯ ಹೆಸರೂ ಅದರಲ್ಲಿದೆ. ಕ್ಯೂ-ಟಿಪ್ ದನಿ ಮೂಗಿನಿಂದ ನುಣ್ಣಗೆ ಬರುತ್ತದೆ. ಫೈಫ್ ದನಿ ಕೀಚಲು, ಖಾರ. ಒಂದೇ ದನಿ ಇದ್ದಿದ್ದರೆ ಈ ಹಾಡುಗಳಿಗೆ ಅರ್ಧ ಜೀವವೂ ಇರುತ್ತಿರಲಿಲ್ಲ.

ಮೊದಲ ಆಲ್ಬಮ್ ಬಂದದ್ದು 1990ರಲ್ಲಿ. ಚೆನ್ನಾಗಿದೆ, ತಮಾಷೆಯೂ ಇದೆ. ಆದರೆ ನನ್ನ ಮನಸ್ಸು ನಿಂತಿರುವುದು 1991ರ ಸೆಪ್ಟೆಂಬರಿನಲ್ಲಿ ಬಂದ 'ದಿ ಲೋ ಎಂಡ್ ಥಿಯರಿ'ಯಲ್ಲಿ. ಅದರ ಮೊದಲ ಹಾಡು 'ಎಕ್ಸ್‌ಕರ್ಷನ್ಸ್'. ಶುರುವಿನಲ್ಲಿ ಡ್ರಮ್ ಇಲ್ಲ, ಕೂಗು ಇಲ್ಲ. ನಿಲ್ಲಿಸಿ ನುಡಿಸುವ ದೊಡ್ಡ ಬೇಸ್, ಅಂದರೆ ತಗ್ಗು ಸ್ವರದ ತಂತಿವಾದ್ಯ, ಒಂದೇ ನಡೆದುಕೊಂಡು ಬರುತ್ತದೆ. ಅದು ಜಾಜ್ ಡ್ರಮ್ಮರ್ ಆರ್ಟ್ ಬ್ಲೇಕಿ ಅವರ ಹಳೇ ರೆಕಾರ್ಡಿನಿಂದ ತೆಗೆದ ತುಂಡು. ಅದರ ಮೇಲೆ ಕ್ಯೂ-ಟಿಪ್ ಮಾತು ಶುರು ಮಾಡುತ್ತಾರೆ. ಹಿಪ್ ಹಾಪ್ ಕೇಳಿದರೆ ತಮ್ಮ ಕಾಲದ ಬೀಬಾಪ್ ಜಾಜ್ ನೆನಪಾಗುತ್ತದೆ ಅಂತ ಅಪ್ಪ ಹೇಳಿದ್ದನ್ನು ಅಲ್ಲಿ ಹಾಡುತ್ತಾರೆ. ಹದಿಹರೆಯದ ಹುಡುಗರಿಗೆ ಅಪ್ಪನ ರೆಕಾರ್ಡ್ ಅಂದರೆ ಹಳಸಲು. ಈ ಹುಡುಗರು ಅದನ್ನೇ ಎದೆಗೆ ಹಚ್ಚಿಕೊಂಡರು.

ತುಂಡು ತೆಗೆಯುವ ಕೆಲಸ ಸುಮ್ನೆ ಆಗುವಂಥದ್ದಲ್ಲ. ಆಗ ಜಾಸ್ತಿ ಬಳಕೆಯಲ್ಲಿದ್ದ ಯಂತ್ರ ಎಸ್‌ಪಿ-1200. ಅದರ ನೆನಪಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು 10 ಸೆಕೆಂಡಿನ ಸದ್ದು, ಅಷ್ಟೇ. ಅದಕ್ಕೆ ಆ ಕಾಲದವರು ಒಂದು ಉಪಾಯ ಮಾಡುತ್ತಿದ್ದರು. ನಿಧಾನಕ್ಕೆ ತಿರುಗಬೇಕಾದ ರೆಕಾರ್ಡನ್ನು ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ತಿರುಗಿಸಿ ತುಂಬಿಸಿಕೊಳ್ಳುವುದು, ಆಮೇಲೆ ಯಂತ್ರದೊಳಗೆ ನಿಧಾನ ಮಾಡುವುದು. ಮೇಲಿನ ಸ್ವರಗಳನ್ನು ಸೋಸಿ ತೆಗೆದರೆ ಬೇಸ್ ಮಾತ್ರ ದಪ್ಪಗೆ ಉಳಿಯುತ್ತದೆ. ಹೀಗೆ ಬೇರೆ ಬೇರೆ ಕಡೆಯಿಂದ ತಂದ ತುಂಡುಗಳು ಒಂದೇ ಹಾಡಿನ ಹಾಗೆ ಕೂರಬೇಕು. ಆ ಕೆಲಸದಲ್ಲಿ ಇವರ ಜೊತೆ ನಿಂತವರು ಸೌಂಡ್ ಎಂಜಿನಿಯರ್ ಬಾಬ್ ಪವರ್.

ತುಂಡುಗಳಷ್ಟೇ ಸಾಲದು ಅನ್ನಿಸಿ ಒಂದು ಹಾಡಿಗೆ ರಾನ್ ಕಾರ್ಟರ್ ಅವರನ್ನೇ ಕರೆಸಿದರು. 1960ರ ದಶಕದಲ್ಲಿ ಮೈಲ್ಸ್ ಡೇವಿಸ್ ತಂಡದಲ್ಲಿ ಬೇಸ್ ನುಡಿಸಿದ ಹಿರಿಯರು ಅವರು. ಹಾಡಿನಲ್ಲಿ ಕೆಟ್ಟ ಮಾತು ಇರಬಾರದು ಅಂತ ಷರತ್ತು ಹಾಕಿದರು. ಹುಡುಗರು ಒಪ್ಪಿದರು. ಕಾರ್ಟರ್ ಬಂದು ನುಡಿಸಿದರು.

ಹಳೇ ಸದ್ದು ತೆಗೆದುಕೊಂಡರೆ ಅದಕ್ಕೊಂದು ಲೆಕ್ಕವೂ ಇರುತ್ತದೆ. ಇವರ 'ಕ್ಯಾನ್ ಐ ಕಿಕ್ ಇಟ್' ಹಾಡು ಲೂ ರೀಡ್ ಅವರ 1972ರ ಹಾಡೊಂದರ ಬೇಸ್ ಮೇಲೆ ನಿಂತಿದೆ. ಅದರ ದುಡ್ಡೆಲ್ಲ ಲೂ ರೀಡ್ ಅವರಿಗೇ ಹೋಯಿತು, ತಮಗೇನೂ ಸಿಗಲಿಲ್ಲ ಅಂತ ಫೈಫ್ ಮುಂದೆ ಹೇಳಿದರು. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆ ಫೋನಿನಲ್ಲೇ ಬೀಟ್ ಕಟ್ಟುವವರು ಯಾರಾದರೂ ಕೇಳುತ್ತಿದ್ದರೆ ಇದನ್ನು ಗಮನಿಸಿ. ದುಡಿಯ ಸದ್ದು, ವಾಲಗದ ಸದ್ದು ಬಳಸಿ, ಖಂಡಿತ ಬಳಸಿ. ಆದರೆ ನುಡಿಸಿದವರನ್ನು ಮೊದಲು ಕೇಳಿ, ಅವರ ಹೆಸರು ಹಾಕಿ, ಅವರ ಪಾಲು ಕೊಡಿ. ಆಗುವುದಾದರೆ ಕಾರ್ಟರ್ ಅವರನ್ನು ಕರೆಸಿದ ಹಾಗೆ ಅವರನ್ನೇ ಮೈಕಿನ ಮುಂದೆ ಕೂರಿಸಿ.

ಈಗ ಫೈಫ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರ ನಿಜ ಹೆಸರು ಮಲಿಕ್ ಟೇಲರ್. ತಾಯಿ ಚೆರಿಲ್ ಬಾಯ್ಸ್ ಟೇಲರ್ ಟ್ರಿನಿಡಾಡಿನಿಂದ ಬಂದ ಕವಯಿತ್ರಿ. ಮೊದಲ ಆಲ್ಬಮ್ಮಿನಲ್ಲಿ ಫೈಫ್ ದನಿ ಕೇಳಿಸುವುದೇ ಕಡಿಮೆ. ಅದು ಬಂದ ವರ್ಷವೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಎರಡನೇ ಆಲ್ಬಮ್ಮಿನ 'ಬಗಿನ್ ಔಟ್' ಹಾಡನ್ನು ಶುರು ಮಾಡುವುದೇ ಅವರು. ಕುಳ್ಳಗಿದ್ದ ಮನುಷ್ಯ, ಆದರೆ ಆ ಹಾಡಿನಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. 1993ರ 'ಮಿಡ್‌ನೈಟ್ ಮರಾಡರ್ಸ್'ನಲ್ಲಿ ತಮ್ಮನ್ನು ಫಂಕಿ ಡಯಾಬೆಟಿಕ್, ಅಂದರೆ ಸಕ್ಕರೆ ಕಾಯಿಲೆಯ ಮೋಜುಗಾರ, ಅಂತ ತಾವೇ ಕರೆದುಕೊಂಡರು. ತೋಳ್ಬಲದ ಮಾತೇ ಜಾಸ್ತಿ ಇದ್ದ ಕಾಲದಲ್ಲಿ ಕಾಯಿಲೆಯನ್ನು ತಲೆ ಎತ್ತಿ ಹೇಳುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು!

ಆಮೇಲೆ ಗೆಳೆಯರ ನಡುವೆ ಬಿರುಕು ಬಂತು. 1998ರಲ್ಲಿ ತಂಡ ಒಡೆಯಿತು. 2008ರಲ್ಲಿ ಹೆಂಡತಿ ಕೊಟ್ಟ ಮೂತ್ರಪಿಂಡವನ್ನು ಫೈಫ್‌ಗೆ ಕಸಿ ಮಾಡಿದರು. ಅದೂ ಬಹಳ ದಿನ ಬಾಳಲಿಲ್ಲ. 2015ರ ನವೆಂಬರಿನಲ್ಲಿ ಟಿವಿ ಕಾರ್ಯಕ್ರಮವೊಂದಕ್ಕೆ ಎಲ್ಲರೂ ಮತ್ತೆ ಒಟ್ಟಿಗೆ ಹಾಡಿದಾಗ ಹಳೇ ಹುರುಪು ಮರಳಿತು. ಫೈಫ್ ಡಯಾಲಿಸಿಸ್ ನಡುವೆಯೇ ಕ್ಯಾಲಿಫೋರ್ನಿಯಾದಿಂದ ವಿಮಾನ ಹತ್ತಿ ನ್ಯೂಜೆರ್ಸಿಗೆ, ಕ್ಯೂ-ಟಿಪ್ ಮನೆಯ ಸ್ಟುಡಿಯೋಗೆ, ಬಂದು ಹೋಗುತ್ತಿದ್ದರು. 2016ರ ಮಾರ್ಚ್ 22ರಂದು ತೀರಿಕೊಂಡರು. ವಯಸ್ಸು 45. ಕೊನೆಯ ಆಲ್ಬಮ್ ಅದೇ ವರ್ಷ ನವೆಂಬರ್ 11ಕ್ಕೆ ಬಂತು, ಅಮೆರಿಕದ ಚುನಾವಣೆಯಾಗಿ ಮೂರು ದಿನಕ್ಕೆ. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೆ ಏರಿತು. ಕರಿಯರನ್ನು, ಮುಸ್ಲಿಮರನ್ನು, ಬಡವರನ್ನು ಹೊರಗೆ ಹಾಕುವ ಮಾತಿಗೆ ಎದುರು ನಿಂತ ಹಾಡು ಅದರಲ್ಲಿದೆ. ಅದೇ ತಿಂಗಳು ಲಿಂಡನ್ ಬುಲೆವಾರ್ಡ್‌ನ ಒಂದು ಮೂಲೆಗೆ ಫೈಫ್ ಹೆಸರಿಟ್ಟರು. 2024ರಲ್ಲಿ ತಂಡ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು.

ಆಮೇಲೆ ಬಂದ ಹೆಸರಾಂತ ಕಲಾವಿದರಾದ ಕಾನ್ಯೆ ವೆಸ್ಟ್, ಫರೆಲ್ ವಿಲಿಯಮ್ಸ್ ತಮ್ಮ ದಾರಿ ಶುರುವಾದದ್ದು ಇವರಿಂದ ಅನ್ನುತ್ತಾರೆ. ಇವರ ಕೊನೆಯ ಆಲ್ಬಮ್ಮಿನಲ್ಲಿ ಕೆಂಡ್ರಿಕ್ ಲಮಾರ್ ಕೂಡ ಬಂದು ಹಾಡಿದ್ದಾರೆ. ಹೊಸದಾಗಿ ಕೇಳುವವರು 'ಲೋ ಎಂಡ್ ಥಿಯರಿ'ಯಿಂದ ಶುರು ಮಾಡಿ, ಆಮೇಲೆ 'ಮಿಡ್‌ನೈಟ್ ಮರಾಡರ್ಸ್', ಆಮೇಲೆ ಕೊನೆಯದು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಬೇಡ, ಅದರಲ್ಲಿ ಬೇಸ್ ಕೇಳಿಸುವುದೇ ಇಲ್ಲ. ನಮಸ್ಕಾರ.