ಕಂಪ್ಯೂಟರ್ ಕೇಳದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಮುಂದೇನು ಓದುವುದು ಎಂದು ತಲೆ ಕೆಡಿಸಿಕೊಂಡಿರುವ ಮಕ್ಕಳಿಗೆ, ಅವರಿಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮಂದಿರಿಗೆ ಈ ಮಾತು.

ನಾನು ಆಪ್ಟೋಮೆಟ್ರಿಸ್ಟ್. ಆಪರೇಷನ್ ಮಾಡುವವರು ಕಣ್ಣಿನ ಡಾಕ್ಟರು. ದೃಷ್ಟಿ ಅಳೆದು ಕನ್ನಡಕ ಬರೆದುಕೊಡುವವರು, ಕಾಯಿಲೆಯ ಸುಳಿವು ಸಿಕ್ಕರೆ ಡಾಕ್ಟರ ಹತ್ತಿರ ಕಳಿಸುವವರು ನಾವು. "ಈಗೆಲ್ಲಾ ಕಂಪ್ಯೂಟರೇ ಟೆಸ್ಟ್ ಮಾಡುತ್ತಲ್ಲ, ನೀವ್ಯಾಕೆ?" ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಕಂಪ್ಯೂಟರ್ ನಂಬರ್ ಕೊಡುತ್ತದೆ. ಕನ್ನಡಕ ಹಾಕಿಕೊಳ್ಳುವುದು ಮನುಷ್ಯ ಅಲ್ವಾ? ಅವರನ್ನು ಮಾತಾಡಿಸಲು ಬರಬೇಕು. ಈ ಕೆಲಸಕ್ಕೆ ಬೇಕಾದದ್ದು ಅದೇ.

ಒಬ್ಬರು ಟೈಲರ್ ಬಂದಿದ್ದರು. ಅರವತ್ತರ ಆಸುಪಾಸು. ಜೇಬಿನಿಂದ ಎರಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಹೊಸವು, ಯಾವುದನ್ನು ಹಾಕಿದರೂ ತಲೆನೋವು. ರೆಟಿನೋಸ್ಕೋಪ್ ಎಂಬ ಟಾರ್ಚಿನಂಥ ಉಪಕರಣದಿಂದ ಕಣ್ಣಿಗೆ ಬೆಳಕು ಬಿಟ್ಟು, ಪಾಪೆಯೊಳಗಿನ ಕೆಂಪು ಹೊಳಪು ಯಾವ ಕಡೆ ಸರಿಯುತ್ತದೆ ಎಂದು ನೋಡಿದೆ. ಟ್ರಯಲ್ ಫ್ರೇಮಿಗೆ ಒಂದೊಂದೇ ಗಾಜು ಹಾಕಿ "ಇದಾ, ಇದಾ?" ಎಂದು ಕೇಳಿದೆ. ನೋಡಿದರೆ ಅವರು ತಂದ ಕನ್ನಡಕದ ನಂಬರೇ ಸರಿ! ಕಾರ್ಡು ಕೊಟ್ಟರೆ ಸಣ್ಣಕ್ಷರವನ್ನೂ ಸರಸರ ಓದಿಬಿಟ್ಟರು. ಮತ್ತೇನು ತೊಂದರೆ?

"ಯಜಮಾನರೇ, ಹೊಲಿಯುವಾಗ ಹೇಗೆ ಕೂರುತ್ತೀರಿ, ತೋರಿಸಿ" ಎಂದೆ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮುಂದೆ ಚಾಚಿ, ಇಲ್ಲದ ಬಟ್ಟೆ ತಳ್ಳಿದರು. ಅಂಗಡಿಯಿಂದ ನೇರ ಬಂದಿದ್ದರು, ಟೇಪು ಕೊರಳಲ್ಲೇ ಇತ್ತು. ಅದನ್ನೇ ಇಸಿದುಕೊಂಡು ಅಳೆದೆ. ಕಣ್ಣಿಂದ ಸೂಜಿಗೆ 60 ಸೆಂಟಿಮೀಟರ್. ಕನ್ನಡಕ ಮಾಡಿದ್ದು 40ಕ್ಕೆ, ಅಂದರೆ ಪುಸ್ತಕ ಓದುವ ದೂರಕ್ಕೆ. ಪಾಪ, ದಿನವಿಡೀ ಸೂಜಿಯ ಮೇಲೆ ಬಗ್ಗಿ ಬಗ್ಗಿ ಹೊಲಿಯುತ್ತಿದ್ದರು. ಪವರನ್ನು ಮುಕ್ಕಾಲು ಪಾಯಿಂಟ್ ಇಳಿಸಿ ಕೆಲಸಕ್ಕೆಂದೇ ಬೇರೆ ಕನ್ನಡಕ ಬರೆದೆ. ಅಷ್ಟೇ. ಎಷ್ಟು ದೂರ ಇಟ್ಟುಕೊಂಡು ಕೆಲಸ ಮಾಡುತ್ತೀರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕಂಪ್ಯೂಟರ್ ಅಂತೂ ಕೇಳುವುದಿಲ್ಲ ಬಿಡಿ.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ, ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಫಿಸಿಕ್ಸಿನಲ್ಲಿ ಬೆಳಕಿನ ಪಾಠ ಗಟ್ಟಿ ಇರಲಿ. ಬಯಾಲಜಿಯೂ ಬೇಕು. ಕಾಲೇಜು ಆರಿಸುವಾಗ ಸುಮ್ನೆ ಕಟ್ಟಡ ನೋಡಿ ಮರುಳಾಗಬೇಡಿ, ವಿದ್ಯಾರ್ಥಿಗಳ ಕೈಗೆ ರೋಗಿಗಳು ಎಷ್ಟು ಸಿಗುತ್ತಾರೆ ಎಂದು ವಿಚಾರಿಸಿ. ಮಾತಾಡಿಸಲು ಕಲಿಯುವುದು ಅಲ್ಲೇ. ಮುಂದೆ ಕಾಂಟ್ಯಾಕ್ಟ್ ಲೆನ್ಸ್ ಇದೆ, ಲೋ ವಿಷನ್ ಇದೆ (ಕನ್ನಡಕ ಹಾಕಿದರೂ ಸರಿಯಾಗಿ ಕಾಣದವರಿಗೆ ನೆರವಾಗುವುದು), ಮಕ್ಕಳ ಕಣ್ಣು ಇದೆ. ಇನ್ನೂ ಮಾತೇ ಬಾರದ ಕೂಸಿನ ಪವರನ್ನೂ ಅದೇ ರೆಟಿನೋಸ್ಕೋಪಿನಲ್ಲಿ ಅಳೆಯುತ್ತೇವೆ. ಅದನ್ನು ಹೇಳಲು ಹೊರಟರೆ ಇನ್ನೊಂದು ಗಂಟೆ ಬೇಕು, ಇನ್ನೊಮ್ಮೆ ಕರೆಯಲಿ.

ಫಾರಂ ತುಂಬುವ ಮೊದಲು ಒಂದು ಕ್ಲಿನಿಕ್ಕಿಗೆ ಹೋಗಿ. ಒಪ್ಪಿಗೆ ಕೇಳಿ, ಮೂಲೆಯಲ್ಲಿ ಕೂತು ನೋಡಿ. ಮಧ್ಯಾಹ್ನದೊಳಗೆ "ಇದಾ, ಇದಾ" ಕೇಳಿ ಬೇಜಾರು ಬಂದರೆ ಬೇರೆ ಕೋರ್ಸು ನೋಡಿಕೊಳ್ಳಿ. ನನಗೇನೂ ಬೇಸರವಿಲ್ಲ. ನಮಸ್ಕಾರ.