ನಿಂತಲ್ಲೇ ನಡುಗುವ ಎಂಜಿನ್ನು, ಇಂಧನದ ಒತ್ತಡ

ಆತ್ಮೀಯ ಕೇಳುಗರೆ, ನಮಸ್ಕಾರ.

ಹಳೆಯ ಪೆಟ್ರೋಲ್ ಕಾರನ್ನು ಚಾಲೂ ಮಾಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಕುಳಿತರೆ ಎಂಜಿನ್ನು ಒಂದೇ ಲಯದಲ್ಲಿ ಓಡಬೇಕು. ಹಾಗಾಗದೆ ಸ್ಟೀರಿಂಗ್ ಹಿಡಿದ ಕೈ ಅದುರುತ್ತದೆ, ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮೀಟರಿನ ಮುಳ್ಳು 800ರ ಆಸುಪಾಸಿನಲ್ಲಿ ನಿಲ್ಲದೆ ಏರಿಳಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನು ಆಫ್ ಆಗಿಬಿಡುತ್ತದೆ ಎಂಬ ದೂರು ಹಳೆಯ ಕಾರು ಇಟ್ಟುಕೊಂಡವರಿಗೆ ಹೊಸದಲ್ಲ. ಇಂಥ ಕಾರಿಗೆ ಮೊದಲು ಪ್ಲಗ್ಗು, ಆಮೇಲೆ ಸೆನ್ಸರು, ಕೊನೆಗೆ ಪೆಟ್ರೋಲ್ ಪಂಪು ಎಂದು ಒಂದಾದ ಮೇಲೊಂದು ಬಿಡಿಭಾಗ ಬದಲಾಯಿಸುತ್ತ ಹೋಗುವ ಪದ್ಧತಿ ನನಗೆ ಸರಿಯೆನಿಸುವುದಿಲ್ಲ. ಒತ್ತಡ ಅಳೆಯುವ ಒಂದು ಪ್ರೆಶರ್ ಗೇಜನ್ನು ಇಂಧನದ ಪೈಪಿಗೆ ಜೋಡಿಸಿ ಗಮನವಿಟ್ಟು ನೋಡಿದರೆ, ದೋಷ ಇಂಧನದ ದಾರಿಯಲ್ಲಿದೆಯೇ, ಇದ್ದರೆ ಯಾವ ಭಾಗದಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ನಾನು ಹೇಳಲಿರುವುದು ಪ್ರತಿ ಸಿಲಿಂಡರಿಗೂ ಪೆಟ್ರೋಲು ಚಿಮ್ಮುವ ಒಂದೊಂದು ಇಂಜೆಕ್ಟರ್ ಇದ್ದು, ಬಳಕೆಯಾಗದೆ ಮಿಕ್ಕ ಪೆಟ್ರೋಲು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುವಂಥ ಕಾರುಗಳ ವಿಷಯ. ಇಂಜೆಕ್ಟರಿನ ಬದಲು ಕಾರ್ಬ್ಯುರೇಟರ್ ಇರುವ ಇನ್ನೂ ಹಳೆಯ ಕಾರುಗಳಲ್ಲಿ ಪಂಪಿನ ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್‌ಗಿಂತಲೂ (ಬಾರ್ ಎಂದರೆ ಒತ್ತಡದ ಅಳತೆ) ಕಡಿಮೆಯಿರುವುದರಿಂದ ಈ ಲೆಕ್ಕ ಅವಕ್ಕೆ ಹೊಂದುವುದಿಲ್ಲ.

ಗೇಜು ಹಿಡಿಯುವ ಮೊದಲು ಗಾಳಿಯ ಕಡೆ ನೋಡಬೇಕು. ಪೆಟ್ರೋಲು ಸರಿಯಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ರಬ್ಬರ್ ಪೈಪೊಂದು ಒಣಗಿ ಬಿರಿದಿದ್ದರೆ, ಅಳತೆಗೆ ಸಿಗದ ಗಾಳಿ ಆ ಬಿರುಕಿನಿಂದ ಒಳಗೆ ನುಗ್ಗುತ್ತದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಎಂಜಿನ್ನು ಸೇದುವ ಒಟ್ಟು ಗಾಳಿಯೇ ಸ್ವಲ್ಪವಾದ್ದರಿಂದ ಈ ಕಳ್ಳಗಾಳಿ ಆಗ ದೊಡ್ಡ ಪಾಲಾಗುತ್ತದೆ. ಆಕ್ಸಿಲರೇಟರ್ ಒತ್ತಿ ಗಾಳಿಯ ಬಾಗಿಲಾದ ಥ್ರಾಟಲ್ ತೆರೆದು ವೇಗ ಹೆಚ್ಚಿಸಿದೊಡನೆ ಅದರ ಪಾಲು ಕಿರಿದಾಗಿ ಎಂಜಿನ್ನು ನೆಟ್ಟಗಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಐಡಲ್‌ನಲ್ಲಿ ಹೇಗೋ ಓಡಿ, ಏರು ರಸ್ತೆಯಲ್ಲಿ ಎಳೆಯಲಾರದೆ ಉಸಿರು ಕಟ್ಟಿದಂತಾಗುವ ಕಾರಿನಲ್ಲಿ ಪೆಟ್ರೋಲು ಸಾಲುತ್ತಿಲ್ಲವೆಂಬ ಅನುಮಾನವೇ ಹೆಚ್ಚು. ಈ ಒಂದು ವ್ಯತ್ಯಾಸವನ್ನು ಕಾರಿನ ಮಾಲೀಕರು ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿದರೆ ಅರ್ಧ ದಿನದ ಕೆಲಸ ಉಳಿಯುತ್ತದೆ. ಮಸಿ ಕಟ್ಟಿದ ಥ್ರಾಟಲ್ ಬಾಡಿ, ಅಂಟಿಕೊಂಡ ಐಡಲ್ ಕಂಟ್ರೋಲ್ ವಾಲ್ವು, ಸವೆದ ಸ್ಪಾರ್ಕ್ ಪ್ಲಗ್ಗು ಇವನ್ನೂ ಈ ಹಂತದಲ್ಲೇ ನೋಡಿ ಮುಗಿಸಬೇಕು.

ಇನ್ನು ಒತ್ತಡದ ವಿಷಯ. ಎಂಜಿನ್ನು ನಿಂತ ಮೇಲೂ ಇಂಧನದ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸದೆ ಯಾವ ಪೈಪನ್ನೂ ಬಿಚ್ಚಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲೇ ಹರಡುವುದರಿಂದ, ಈ ಕೆಲಸ ಬಯಲಿನಲ್ಲಿ, ಎಂಜಿನ್ನು ತಣ್ಣಗಾದ ಮೇಲೆ, ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಟ್ಟುಕೊಂಡೇ ನಡೆಯಬೇಕು. ಕಣ್ಣಿಗೆ ಕನ್ನಡಕವಿರಲಿ.

ಇಂಜೆಕ್ಟರ್ ಎಷ್ಟು ಪೆಟ್ರೋಲು ಚಿಮ್ಮಬೇಕೆಂಬುದನ್ನು ಕಂಪ್ಯೂಟರು ತೀರ್ಮಾನಿಸುವುದು ಅದನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬ ಲೆಕ್ಕದಿಂದ. ಆ ಲೆಕ್ಕ ಸರಿಹೋಗಬೇಕಾದರೆ ಇಂಜೆಕ್ಟರಿನ ಹಿಂದಿನ ಪೆಟ್ರೋಲಿನ ಒತ್ತಡಕ್ಕೂ ಮುಂದಿನ ಮ್ಯಾನಿಫೋಲ್ಡಿನ ಒತ್ತಡಕ್ಕೂ ಇರುವ ಅಂತರ ಸದಾ ಒಂದೇ ಆಗಿರಬೇಕು. ಆ ಅಂತರವನ್ನು ಕಾಯುವುದು ಪ್ರೆಶರ್ ರೆಗ್ಯುಲೇಟರ್. ಅದರೊಳಗೆ ಒಂದು ಸ್ಪ್ರಿಂಗು, ಒಂದು ತೆಳು ಪೊರೆ; ಪೊರೆಯ ಒಂದು ಬದಿಗೆ ಪೆಟ್ರೋಲು, ಇನ್ನೊಂದು ಬದಿಗೆ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ರಬ್ಬರ್ ಪೈಪು. ಈ ಬಗೆಯ ಹಲವು ಕಾರುಗಳಲ್ಲಿ ಆ ಸಣ್ಣ ಪೈಪನ್ನು ಕಿತ್ತು, ಅದರ ಬಾಯಿ ಮುಚ್ಚಿ ಓಡಿಸಿದಾಗ ಗೇಜು ಸುಮಾರು 2.5ರಿಂದ 3 ಬಾರ್ ತೋರಿಸುತ್ತದೆ. ಮತ್ತೆ ಜೋಡಿಸಿದರೆ ಅರ್ಧ ಬಾರ್‌ನಷ್ಟು ಇಳಿಯುತ್ತದೆ. ನಿಮ್ಮ ಕಾರಿನ ನಿಖರ ಸಂಖ್ಯೆ ಅದರ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಪೈಪು ಕಿತ್ತರೂ ಜೋಡಿಸಿದರೂ ಮುಳ್ಳು ಅಲುಗದಿದ್ದರೆ ಮೊದಲು ಆ ಪೈಪಿನಲ್ಲಿ ಮ್ಯಾನಿಫೋಲ್ಡಿನ ಕಡೆಗೆ ಗಾಳಿಯ ಎಳೆತವಿದೆಯೇ ನೋಡಿ, ಇದ್ದರೆ ರೆಗ್ಯುಲೇಟರನ್ನು ಶಂಕಿಸಬೇಕು.

ಇದು ನನ್ನ ಸ್ವಂತ ಕಾರಿನಲ್ಲೇ ಆದದ್ದು. ಐಡಲ್‌ನಲ್ಲಿ ನಡುಕ, ಬಿಸಿ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾದ ಸ್ಥಿತಿ, ಹೊಗೆಯಲ್ಲಿ ಪೆಟ್ರೋಲಿನ ಘಾಟು. ಗ್ಯಾರೇಜೊಂದರಲ್ಲಿ ಪಂಪು ಬದಲಾಯಿಸಿಕೊಟ್ಟರು. ತೊಂದರೆ ಹಾಗೇ ಉಳಿಯಿತು. ಕೊನೆಗೆ ರೆಗ್ಯುಲೇಟರಿನ ತಲೆಯಿಂದ ಆ ಬೆರಳುದ್ದದ ಪೈಪನ್ನು ಎಳೆದು ತೆಗೆದೆ. ಒಳಗೆ ಗಾಳಿ ಮಾತ್ರ ಇರಬೇಕಾಗಿದ್ದ ಪೈಪಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಬಿಳಿ ಬಟ್ಟೆಗೆ ಒರೆಸಿದೆ. ಒದ್ದೆಯ ಗುರುತು ನೋಡನೋಡುತ್ತಿದ್ದಂತೆ ಆರಿ, ಪೆಟ್ರೋಲಿನ ವಾಸನೆಯಷ್ಟೇ ಉಳಿಯಿತು. ಪೊರೆ ಹರಿದಿತ್ತು. ಹರಿದ ಜಾಗದಿಂದ ಪೆಟ್ರೋಲು ಯಾವ ಲೆಕ್ಕಕ್ಕೂ ಸಿಗದೆ ನೇರವಾಗಿ ಮ್ಯಾನಿಫೋಲ್ಡಿಗೆ ಹೋಗುತ್ತಿತ್ತು. ಈ ಪರೀಕ್ಷೆಗೆ ಗೇಜೂ ಬೇಡ. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಒತ್ತಡ ಕಡಿಮೆಯಿದ್ದಾಗ ಪಂಪು, ರೆಗ್ಯುಲೇಟರ್ ಎರಡರಲ್ಲಿ ಯಾವುದೆಂದು ತಿಳಿಯಲು, ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಕ್ಷಣಮಾತ್ರ ಅದುಮಿ ಹಿಡಿಯುತ್ತಾರೆ. ಮುಳ್ಳು ಥಟ್ಟನೆ ಮೇಲೇರಿದರೆ ಪಂಪಿಗೆ ಶಕ್ತಿಯಿದೆ, ರೆಗ್ಯುಲೇಟರ್ ಪೆಟ್ರೋಲನ್ನು ಹಿಡಿದಿಡುತ್ತಿಲ್ಲ ಎಂದರ್ಥ. ಆಗ ಕೂಡಲೇ ಬಿಟ್ಟುಬಿಡಬೇಕು, ಇಲ್ಲವಾದರೆ ಪೈಪು ತಾಳಲಾರದಷ್ಟು ಒತ್ತಡ ಏರಬಹುದು. ಏರದಿದ್ದರೂ ಪಂಪೇ ಹೋಗಿದೆಯೆಂದು ಆತುರಪಡಬೇಡಿ. ಫಿಲ್ಟರ್ ಕಟ್ಟಿರಬಹುದು, ಅಥವಾ ಪಂಪಿನ ಕನೆಕ್ಟರು ತುಕ್ಕು ಹಿಡಿದು ಅದಕ್ಕೆ ಸಾಕಷ್ಟು ವೋಲ್ಟೇಜ್ ತಲುಪದಿರಬಹುದು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಬಳಿ 13.8 ವೋಲ್ಟ್ ಇದ್ದು ಪಂಪಿನ ಬಳಿ 11 ಮಾತ್ರ ಸಿಕ್ಕರೆ, ಹೊಸ ಪಂಪು ಹಾಕಿದರೂ ಅದೂ ಹಾಗೇ ಸೊರಗುತ್ತದೆ.

ಕೊನೆಯದಾಗಿ, ಎಂಜಿನ್ನು ನಿಲ್ಲಿಸಿ ಗೇಜನ್ನು ಹಾಗೇ ಬಿಟ್ಟು ನೋಡಬೇಕು. ಒತ್ತಡ ಕೆಲವು ನಿಮಿಷವಾದರೂ ನಿಲ್ಲಬೇಕು. ತಕ್ಷಣ ಸೊನ್ನೆಗೆ ಕುಸಿದರೆ ಪೆಟ್ರೋಲು ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವು, ರೆಗ್ಯುಲೇಟರ್ ಅಥವಾ ತೊಟ್ಟಿಕ್ಕುವ ಇಂಜೆಕ್ಟರ್, ಈ ಮೂರರಲ್ಲೊಂದು ಸೋರುತ್ತಿದೆ. ತೊಟ್ಟಿಕ್ಕುವ ಇಂಜೆಕ್ಟರಿನ ಸಿಲಿಂಡರಿನ ಪ್ಲಗ್ಗು ಸಾಮಾನ್ಯವಾಗಿ ಉಳಿದವಕ್ಕಿಂತ ಹೆಚ್ಚು ಕಪ್ಪಾಗಿರುತ್ತದೆ.

ಇಂಥ ಸೋರಿಕೆ ಬಹಳ ದಿನ ನಡೆದಿದ್ದರೆ ಭಾಗ ಬದಲಾಯಿಸಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಎಂಜಿನ್ ಆಯಿಲಿನ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ತೆಳುವಾಗಿ, ಮಟ್ಟ ಏರಿ, ಪೆಟ್ರೋಲಿನ ವಾಸನೆ ಬಂದರೆ, ಸಿಲಿಂಡರಿನ ಗೋಡೆಯಿಂದ ಇಳಿದ ಪೆಟ್ರೋಲು ಅದರಲ್ಲಿ ಬೆರೆತಿದೆ. ಆ ಆಯಿಲ್‌ನಲ್ಲಿ ಬೇರಿಂಗುಗಳಿಗೆ ರಕ್ಷಣೆ ಸಿಗುವುದಿಲ್ಲವಾದ್ದರಿಂದ, ಕಾರನ್ನು ರಸ್ತೆಗಿಳಿಸುವ ಮೊದಲೇ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಾಯಿಸಬೇಕು. ನಮಸ್ಕಾರ.