ಮೊದಲ ಅಕ್ಷರ ಬಾಯಲ್ಲಿರುವ ಮಾತಿನದ್ದೇ ಆಗಲಿ

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಾತಾಡ್ತಾ ಇದ್ದೇನೆ. ಕಳೆದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಕೇರಳ 1991ರಲ್ಲೇ ಸಂಪೂರ್ಣ ಸಾಕ್ಷರ ಆಗಿದೆ. ಇನ್ನು ಕಲಿಸುವುದು ಯಾರಿಗೆ?"

ನಮ್ಮ ನೆರೆಮನೆ ದೊಡ್ಡಮ್ಮನಿಗೆ! ನಲ್ವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ಬೀಡಿ ಕಂಪೆನಿಯ ಬ್ರಾಂಚಿಗೆ ಎಷ್ಟು ಬೀಡಿ ಕೊಟ್ಟೆ ಅನ್ನುವುದು ಬಾಯಿಪಾಠ. ಆದರೆ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟು, "ಸರಿ ಬರೆದಿದ್ದಾರಾ ನೋಡು ಮಗಾ" ಅನ್ನುತ್ತಾರೆ. 2011ರ ಜನಗಣತಿಯಲ್ಲೂ ಕೇರಳದ ಸಾಕ್ಷರತೆ ಸುಮಾರು 94 ಶೇಕಡಾ. ಹೊರಗೆ ಉಳಿದವರಲ್ಲಿ ದೊಡ್ಡಮ್ಮ ಒಬ್ಬರು.

ಅವರು ಸಾಕ್ಷರತಾ ಕ್ಲಾಸಿಗೆ ಹೋಗಿದ್ದರು. ಮೂರು ಸಂಜೆ. ಅಲ್ಲಿ ಕಲಿಸಿದ್ದು ಮಲಯಾಳ. ದೊಡ್ಡಮ್ಮನ ಮನೆಮಾತು ಕನ್ನಡ, ಅಂಗಳ ದಾಟಿದರೆ ತುಳು. ಪೇಟೆಯ ಮಲಯಾಳ ಅರ್ಥ ಆಗುತ್ತದೆ, ಪಾಠದ ಮಲಯಾಳ ಆಗುವುದಿಲ್ಲ. ನಾಲ್ಕನೇ ಸಂಜೆ ಹೋಗಲಿಲ್ಲ. "ಈ ಪ್ರಾಯದವರಿಗೆ ಆಸಕ್ತಿ ಇಲ್ಲ" ಅಂದುಬಿಟ್ಟರು ಕ್ಲಾಸಿನವರು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಆಸಕ್ತಿ ಇಲ್ವಾ? ಮೊನ್ನೆ ಜಗಲಿಯಲ್ಲಿ ಚಾಕಿನಿಂದ "ನೀರು" ಅಂತ ಬರೆದೆ. ಹೊಗೆಸೊಪ್ಪಿನ ಹುಡಿ ಮೆತ್ತಿದ ಬೆರಳನ್ನು ಅದರ ಮೇಲೆ ನಿಧಾನ ಎಳೆದರು. ಬಾವಿಯ ಕಡೆ ನೋಡಿದರು. "ಇಷ್ಟೇನಾ?" ಅಂದರು. ಇಷ್ಟೇ ದೊಡ್ಡಮ್ಮಾ! ಮೊದಲ ಅಕ್ಷರ ಬಾಯಲ್ಲಿರುವ ಮಾತಿನದ್ದಾಗಬೇಕು.

"ಕೇರಳದಲ್ಲಿದ್ದು ಮಲಯಾಳ ಬೇಡವಾ?" ಅಂತ ಕೇಳುವವರೇ, ಬೇಕು ಸ್ವಾಮೀ. ಬಸ್ಸಿನ ಬೋರ್ಡಿಗೆ ಬೇಕು, ಪಂಚಾಯತಿನ ಅರ್ಜಿಗೂ ಬೇಕು. ಆದರೆ ಅದು ಎರಡನೆಯದಾಗಿ ಬರಲಿ. ಅಲ್ಲೂ ಅ, ಆ, ಇ, ಈ ಅಂತಲೇ ಶುರು, ಅಲ್ಲೂ ಕಖಗಘ. ಒಂದು ಲಿಪಿ ಕೈಗೆ ಹತ್ತಿದರೆ ಇನ್ನೊಂದಕ್ಕೆ ದಾರಿ ಆಯಿತು. ಜನಗಣತಿಯೇ ಏನು ಹೇಳುತ್ತದೆ? ಏಳು ವರ್ಷ ದಾಟಿದವರು ಯಾವುದೇ ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆದರೆ ಸಾಕ್ಷರರು. ಯಾವುದೇ ಭಾಷೆ! ನಮ್ಮ ಊರಿಗೆ ಬಂದಾಗ ಮಾತ್ರ ಅದು ಮರೆತು ಹೋಗುವುದು ಯಾಕೆ?

ಆಲಪ್ಪುಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ತೆಗೆದರು. ಇಡೀ ದೇಶ ಕೈಮುಗಿಯಿತು, ನಾನೂ ಮುಗಿದೆ. ಆ ಅಜ್ಜಿ ಬರೆದದ್ದು ಸ್ವಂತ ಮಾತಿನಲ್ಲಿ ಅಲ್ವಾ? ನಮ್ಮ ದೊಡ್ಡಮ್ಮನಿಗೆ ಅಷ್ಟು ಕೊಡಿ, ಸಾಕು.

"ಕನ್ನಡ ಪುಸ್ತಕ ಬರುತ್ತದಲ್ಲಾ" ಅನ್ನಬೇಡಿ. ಪುಸ್ತಕ ಬಂದು ಕಪಾಟಿನಲ್ಲಿ ಕೂತರೆ ಏನು ಬಂತು? ಕನ್ನಡ ಗೊತ್ತಿರುವ ಒಬ್ಬರು ಎದುರಿಗೆ ಕೂತು ಕಲಿಸಬೇಕು. ಕುಂಬಳೆ, ಪೆರ್ಲ, ಮಂಜೇಶ್ವರ, ಎಲ್ಲ ಕಡೆ ಕಲಿಸಬೇಕು. ಬೀಡಿ ಕೊಟ್ಟು ಬಂದ ಮೇಲೆ, ಅವರ ಜಗಲಿಯಲ್ಲೇ ಕಲಿಸಬೇಕು. ಕನ್ನಡದಲ್ಲೇ ಕಲಿಸಬೇಕು. ನೂರು ಸಲ ಹೇಳ್ತೇನೆ, ಕನ್ನಡದಲ್ಲೇ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಿಮ್ಮ ಮನೆ ಹತ್ತಿರ ಇಂಥ ಅಮ್ಮ, ಅಜ್ಜ ಇದ್ದರೆ ಊರಿನ ಹೆಸರು ಕಾಮೆಂಟಲ್ಲಿ ಹಾಕಿ. ಆದಿತ್ಯವಾರ ನಾನೇ ಸ್ಲೇಟು ಹಿಡಿದುಕೊಂಡು ಬರ್ತೇನೆ. ಈ ವಾರ ದೊಡ್ಡಮ್ಮನಿಗೆ "ಬೀಡಿ" ಬರೆಯಲು ಕಲಿಯಬೇಕಂತೆ.